ಪರ್ಷಿಯಾದವರು ಕಟ್ಟಿದ ನಮ್ಮೂರ ನಾಲೆ ಸೇತುವೆ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವನು ನಾನು. ಅಷ್ಟು ವರ್ಷದಲ್ಲಿ ಒಂದೇ ಒಂದು ಸುಳ್ಳನ್ನೂ ಮಕ್ಕಳಿಗೆ ಹೇಳಲಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಹೇಳಿದೆ, ಅದು ಸುಳ್ಳಾಗಿದ್ದರೆ ಪುಸ್ತಕ ಬರೆದವರ ಕರ್ಮ. ನಿವೃತ್ತನಾದ ಮೇಲೆ ಹೇಳಿದ ಸುಳ್ಳು ಮಾತ್ರ ನನ್ನ ಸ್ವಂತದ್ದು. ಅದನ್ನು ಕೆಟ್ಟ ಬುದ್ಧಿಯಿಂದ ಹೇಳಲಿಲ್ಲ, ಸಿಟ್ಟಿನಿಂದ ಹೇಳಿದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ನನ್ನ ಹೆಂಡತಿ ಹೇಳುತ್ತಾಳೆ. ಅದನ್ನು ಕೇಳಿದರೂ ನನಗೆ ಸಿಟ್ಟು ಬರುತ್ತದೆ.

ನಮ್ಮೂರು ಪಾಂಡವಪುರ ತಾಲ್ಲೂಕಿನದು. ಊರಿಗೂ ಗದ್ದೆ ಬಯಲಿಗೂ ನಡುವೆ ನಾಲೆ ಹರಿಯುತ್ತದೆ, ಅದರ ಮೇಲೊಂದು ಕಲ್ಲಿನ ಸೇತುವೆ ಇದೆ. ಮೂರು ಕಮಾನು, ಮೂರೂ ಬಳೆಯನ್ನು ಸರಿಯಾಗಿ ಎರಡು ತುಂಡು ಮಾಡಿ ನಿಲ್ಲಿಸಿದಷ್ಟು ದುಂಡಗೆ. ಕಮಾನಿನ ಒಂದೊಂದು ಕಲ್ಲೂ ಕೆಳಗೆ ಸಣ್ಣ, ಮೇಲೆ ದಪ್ಪ. ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಭಾರ ಹೆಚ್ಚಿದಷ್ಟೂ ಇನ್ನೂ ಬಿಗಿಯಾಗುತ್ತವೆ. ನೀರು ಬರುವ ಕಡೆ ಕಂಬಗಳಿಗೆ ಚೂಪು ಮೂಗು ಇಟ್ಟಿದ್ದಾರೆ, ನೀರು ಅಲ್ಲೇ ಸೀಳಿಕೊಂಡು ಎರಡು ಪಕ್ಕಕ್ಕೆ ಹೋಗುತ್ತದೆ. ಒಂದು ಹಿಡಿ ಸಿಮೆಂಟಿಲ್ಲ, ಎಲ್ಲ ಸುಣ್ಣದ ಗಾರೆ. ಎರಡೂ ಬದಿಯಲ್ಲಿ ಮಂಡಿಯೆತ್ತರದ ಮೋಟುಗೋಡೆ. ಸಂಜೆ ಐದರಿಂದ ಏಳರವರೆಗೆ ಅದರ ಮೇಲೆ ಕೂತು ಊರಿನವರ ಆಗುಹೋಗು ವಿಚಾರಿಸುವುದು ನನ್ನ ಕಸುಬು. ಸಂಬಳವಿಲ್ಲದ ಕಸುಬಾದ್ದರಿಂದ ಒಂದು ದಿನವೂ ರಜೆ ಹಾಕಿದವನಲ್ಲ.

ಆ ಸೇತುವೆಯನ್ನು ಒಡೆದು ಅದೇ ಜಾಗದಲ್ಲಿ ಹೊಸದು ಕಟ್ಟುತ್ತಾರಂತೆ ಎಂಬ ಸುದ್ದಿ ಒಂದು ಮಳೆಗಾಲ ಬಂತು. ಕಾರಣವೂ ಸರಿಯಾದದ್ದೇ. ಕಬ್ಬು ತುಂಬಿದ ಟ್ರಾಕ್ಟರು ಸೇತುವೆ ಮೇಲೆ ಬಂತೆಂದರೆ ಎದುರಿನಿಂದ ಒಂದು ಸೈಕಲ್ಲೂ ಬರುವಂತಿಲ್ಲ. ಆದರೂ ನನ್ನ ಹೊಟ್ಟೆ ಉರಿಯಿತು. ಪಂಚಾಯ್ತಿ ಕಚೇರಿಗೆ ಹೋಗಿ, ಹೊಸದನ್ನು ಪಕ್ಕದಲ್ಲಿ ಕಟ್ಟಿ, ಇದನ್ನು ಇದ್ದ ಹಾಗೇ ಬಿಡಿ ಎಂದು ಹೇಳಿದೆ. ಅಲ್ಲಿದ್ದ ಮೆಂಬರು ನನ್ನ ಹಳೆಯ ಶಿಷ್ಯ, ಕೊನೇ ಬೆಂಚಿನವನು. ಎದ್ದು ನಿಂತು ಕುರ್ಚಿ ಕೊಟ್ಟ, ಟೀ ತರಿಸಿದ, ಎಲ್ಲ ಮರ್ಯಾದೆಯನ್ನೂ ಮಾಡಿದ. ಆಮೇಲೆ ನಗುತ್ತಾ ಹೇಳಿದ:

"ಅದ್ರಲ್ಲೇನದೆ ಬುಡಿ ಮೇಷ್ಟ್ರೆ. ಯಾವೋನೋ ನಮ್ಮೂರೋನೇ ಕಟ್ಟಿರೋದು. ಅದೇನ್ ತಾಜ್‌ಮಹಲ್ಲಾ?"

ಒಡೆಯುತ್ತೇವೆ ಎಂದಿದ್ದರೆ ನಾನು ಇಷ್ಟು ರೇಗುತ್ತಿರಲಿಲ್ಲ. ನಮ್ಮೂರವನು ಕಟ್ಟಿದ್ದು, ಆದ್ದರಿಂದ ಅದರಲ್ಲೇನೂ ಇಲ್ಲ ಎಂದನಲ್ಲ, ಅದಕ್ಕೆ ರೇಗಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಇವನಿಗೆ ಕಲಿಸಿದ್ದೇ ನಾನು. ಕೈಯಲ್ಲಿದ್ದ ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿದೆ.

"ನಮ್ಮೂರೋನು ಅಂತ ಯಾವೋನ್ಲಾ ನಿಂಗೇಳಿದ್ದು? ಪರ್ಷಿಯಾದಿಂದ ಬಂದೋರು ಕಟ್ಟಿದ್ದು ಕಣ್ಲಾ ಅದು."

ಕಚೇರಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಬಿಲ್ಲು ಬರೆಯುತ್ತಿದ್ದ ಕ್ಲಾರ್ಕು ಕೂಡ ತಲೆಯೆತ್ತಿದ. ಅಷ್ಟು ಜನ ಒಟ್ಟಿಗೆ ಕಿವಿಗೊಟ್ಟು ನನ್ನ ಪಾಠ ಕೇಳಿದ್ದು ನನ್ನ ಇಡೀ ಸರ್ವೀಸಿನಲ್ಲಿ ಇರಲಿಲ್ಲ. ಇನ್ನು ನಿಲ್ಲಿಸುವುದು ಹೇಗೆ? ಸುಳ್ಳನ್ನು ಬರೀ ಸುಳ್ಳಿನಲ್ಲೇ ಕಟ್ಟಿದರೆ ಬಿರುಕು ಬಿಡುತ್ತದೆ, ಸುಣ್ಣಕ್ಕೆ ಮರಳು ಸೇರಿಸುವ ಹಾಗೆ ಅಲ್ಲಲ್ಲಿ ನಿಜ ಸೇರಿಸಬೇಕು. ಪಟ್ಟಣದಲ್ಲಿ, ಅಂದರೆ ನಮ್ಮ ಶ್ರೀರಂಗಪಟ್ಟಣದಲ್ಲಿ, ಸುಲ್ತಾನರ ಕಾಲದ ದರ್ಬಾರಿನ ಕಾಗದ ಪತ್ರ ಪರ್ಷಿಯನ್ ಭಾಷೆಯಲ್ಲಿ ನಡೆಯುತ್ತಿತ್ತು ಎಂದೆ. ಇದು ನಿಜ. ಪರ್ಷಿಯಾದಲ್ಲಿ ಸಾವಿರ ವರ್ಷಕ್ಕೂ ಹಳೆಯ ಕಮಾನು ಸೇತುವೆಗಳು ಇವತ್ತಿಗೂ ನಿಂತಿವೆ ಎಂದೆ. ಇದೂ ನಿಜ. ಭಾಷೆ ಬಂದ ಮೇಲೆ ಕುಶಲಕರ್ಮಿಗಳು ಬರದೆ ಇರುತ್ತಾರೆಯೇ ಎಂದೆ. ಯಾರೂ ಇಲ್ಲ ಎನ್ನಲಿಲ್ಲ.

ಸುಳ್ಳಿಗೆ ಕಾಲಿಲ್ಲ ಅಂತಾರೆ. ನನ್ನ ಸುಳ್ಳಿಗೆ ಮೋಟಾರ್ ಬೈಕೇ ಇತ್ತು. ವಾರದೊಳಗೆ ಸೇತುವೆಯ ಕೆಳಗಿನಿಂದ ಪಟ್ಟಣದ ಕೋಟೆಗೆ ಸುರಂಗವಿದೆ ಎಂದು ಒಬ್ಬ ಹೇಳಿದ. ಇನ್ನೊಬ್ಬ ಗೋವಿಂದನಹಳ್ಳಿ ದೇವಸ್ಥಾನಕ್ಕೆ ತಂದು ಮಿಕ್ಕಿದ ಕಲ್ಲನ್ನು ಪರ್ಷಿಯಾದವರು ಇಲ್ಲಿ ಬಳಸಿದರು ಎಂದ. ಅದು ಹೊಯ್ಸಳರದು, ಕಾಲ ಕೂಡುವುದಿಲ್ಲ ಎಂದು ತಿದ್ದಲು ಹೋದೆ. ಅವನು ನನ್ನನ್ನೇ ಅನುಮಾನದಿಂದ ನೋಡಿದ. ನಡುವಿನ ಕಂಬಕ್ಕೆ ಯಾರೋ ಅರಿಸಿನ ಕುಂಕುಮ ಇಟ್ಟರು. ಪರ್ಷಿಯಾದವರಿಗೂ ಕುಂಕುಮಕ್ಕೂ ಏನು ಸಂಬಂಧ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮೆಂಬರಂತೂ ಬಂದ ನೆಂಟರನ್ನೆಲ್ಲ ಸೇತುವೆಗೆ ಕರೆತಂದು ನನ್ನ ಪಾಠವನ್ನು ನನಗಿಂತ ಚೆನ್ನಾಗಿ ಒಪ್ಪಿಸುತ್ತಿದ್ದ. ಪರೀಕ್ಷೆಯಲ್ಲಿ ಇದರ ಅರ್ಧ ಬರೆದಿದ್ದರೆ ಪಾಸಾಗುತ್ತಿದ್ದ. ಕೊನೆಗೆ ಮಂಡ್ಯದ ಒಂದು ಪತ್ರಿಕೆಯಲ್ಲಿ ಫೋಟೊ ಸಮೇತ ಸುದ್ದಿ ಬಂತು. ನಾಗಮಂಗಲದ ಕಡೆಯ ಒಬ್ಬ ಸಣ್ಣ ವಯಸ್ಸಿನ ಎಂಜಿನಿಯರು ಈ ಕೆಲಸದ ಉಸ್ತುವಾರಿ ನೋಡುತ್ತಿದ್ದರು. ಅವರು ಫೋನ್ ಮಾಡಿ, ತಿಳಿದವರು ಬಂದು ನೋಡುವವರೆಗೆ ಒಡೆಯುವುದನ್ನು ನಿಲ್ಲಿಸಿದ್ದೇವೆ ಎಂದರು. ಆ ದಿನ ನಾನು ಹೆಂಡತಿಗೆ ಹೇಳಿ ಪಾಯಸ ಮಾಡಿಸಿಕೊಂಡು ಉಂಡೆ.

ಇಷ್ಟು ಹೊತ್ತು ಒಂದು ವಿಷಯ ಮುಚ್ಚಿಟ್ಟೆ. ಸೇತುವೆಯನ್ನು ಕಟ್ಟಿದವರು ಯಾರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಾಲೆ ಏರಿಯ ಮೇಲೆ, ಸೇತುವೆಗೆ ಹತ್ತು ಹೆಜ್ಜೆ ದೂರದಲ್ಲಿ, ಹೆಂಚಿನ ಮನೆಯೊಂದಿದೆ. ಅದರಲ್ಲಿ ಎಂಬತ್ತು ದಾಟಿದ ಒಬ್ಬ ಹೆಂಗಸು ಇದ್ದಾಳೆ, ಊರಿಗೆಲ್ಲ ದೊಡ್ಡವ್ವ. ಅವಳ ಅಪ್ಪ ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ಕಡೆಯಿಂದ ಬಂದ ಕಲ್ಲು ಕೆಲಸದವನು. ಸೇತುವೆಯನ್ನು ಕಟ್ಟಿದವನು ಅವನೇ. ಕಟ್ಟಿ ಮುಗಿಸಿ ಇಲ್ಲೇ ಉಳಿದುಬಿಟ್ಟ. ನಾವು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವಾಗಲೇ ದೊಡ್ಡವ್ವ ನಮ್ಮನ್ನು ತಡೆದು ನಿಲ್ಲಿಸಿ, ಇದು ನಮ್ಮಪ್ಪ ಕಟ್ಟಿದ್ದು ಕಣ್ರಲಾ, ಗೋಡೆ ಮೇಲೆ ಉಗೀಬ್ಯಾಡ್ರಿ ಎಂದು ಗದರುತ್ತಿದ್ದಳು. ಹೊಸ ಸೊಸೆ ಬರಲಿ, ಬಳೆ ಮಾರುವವನು ಬರಲಿ, ಅವಳ ಮೊದಲ ಮಾತು ಅದೇ. ಕೇಳಿ ಕೇಳಿ ನಮಗೆ ಬೇಜಾರು ಬಂದುಹೋಗಿತ್ತು. ಪಂಚಾಯ್ತಿ ಕಚೇರಿಯಲ್ಲಿ ಪರ್ಷಿಯಾ ಎಂದು ಕೂಗುವಾಗ ಅವಳ ನೆನಪು ನನಗೆ ಬಂದಿತ್ತು. ಅವಳ ಮಾತನ್ನು ಯಾರು ಕೇಳುತ್ತಾರೆ ಅಂದುಕೊಂಡೆ.

ಪತ್ರಿಕೆಯಲ್ಲಿ ಸುದ್ದಿ ಬಂದ ಮಾರನೇ ದಿನ ಹುಲ್ಲಿನ ಹೊರೆ ಹೊತ್ತುಕೊಂಡು, ಸೇತುವೆಯ ಮೇಲೆ ಕೂತಿದ್ದ ನನ್ನೆದುರು ಬಂದು ನಿಂತಳು. ಹೊರೆ ಇಳಿಸಲಿಲ್ಲ.

"ಮೇಷ್ಟ್ರೆ, ನಮ್ಮಪ್ಪ ಕೆ.ಆರ್. ಪೇಟೆ ಬುಟ್ರೆ ಇದೇ ಊರು, ಬ್ಯಾರೆ ಊರ್ನೇ ಕಂಡೋನಲ್ಲ. ಪರ್ಸಿಯಾಕ್ಕೆ ಯಾವಾಗೋಗಿದ್ನಪ್ಪ?"

ನಾನು ಅತ್ತಿತ್ತ ನೋಡಿ, ಹೊರೆ ಇಳಿಸಿಕೊಂಡು, ಗೋಡೆಯ ಮೇಲೆ ಕೂರಿಸಿ, ಗುಟ್ಟಿನಲ್ಲಿ ಎಲ್ಲ ಹೇಳಿದೆ. ನಮ್ಮೂರವರು ಕಟ್ಟಿದ್ದು ಅಂದರೆ ಒಡೆಯುತ್ತಾರೆ, ಹೊರಗಿನವರು ಕಟ್ಟಿದ್ದು ಅಂದರೆ ಬಿಡುತ್ತಾರೆ, ಈ ಜನಕ್ಕೆ ಬುದ್ಧಿ ಇರುವುದೇ ಇಷ್ಟು ಎಂದೆ. ಅವಳು ಬಗ್ಗಿ ಕಮಾನನ್ನು ಒಂದು ಸಲ ನೋಡಿದಳು. ನಾನು ಬಾಯಿ ಬಿಟ್ಟರೆ ಒಡೆದುಬಿಡುತ್ತಾರಾ ಎಂದು ಕೇಳಿದಳು. ಹೌದು ಎಂದೆ. ಅಂಗಾರೆ ಬುಡಿ ಅಂದವಳು ಎದ್ದು ಹೋದಳು. ಅವತ್ತಿನಿಂದ ದೊಡ್ಡವ್ವ ಯಾರನ್ನೂ ತಡೆದು ನಿಲ್ಲಿಸಲಿಲ್ಲ. ಮುದುಕಿ ಎಷ್ಟು ಸುಲಭವಾಗಿ ಒಪ್ಪಿಕೊಂಡಳು ಎಂದು ನಾನು ನನ್ನ ಜಾಣತನವನ್ನೇ ಮೆಚ್ಚಿಕೊಂಡೆ. ಎಂಥ ಮುಠ್ಠಾಳ ನಾನು.

ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸಿದ ಮೇಲೆ ಎಂಜಿನಿಯರು ಫೋನ್ ಮಾಡಿ, ನಾಳೆ ತಿಳಿದವರೊಬ್ಬರನ್ನು ಕರೆತರುತ್ತೇನೆ ಎಂದರು. ಬರಲಿ ಎಂದೆ. ಮೈಸೂರಿನಲ್ಲಿ ಕಟ್ಟಡ ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವವರಂತೆ ಎಂದರು. ಸಂತೋಷ ಎಂದೆ. ಇರಾನಿನವರಂತೆ, ನಿಮ್ಮ ಸುದ್ದಿಯನ್ನು ಯಾರೋ ಓದಿ ಹೇಳಿದರಂತೆ, ಪರ್ಷಿಯಾದ ಸೇತುವೆ ಅಂದರೆ ಅವರಿಗಿಂತ ತಿಳಿದವರು ಇನ್ಯಾರು ಸಾರ್ ಎಂದರು. ಬೇಡ ಎನ್ನಲು ನಾನು ಕಾರಣ ಹುಡುಕುತ್ತಿರುವಾಗಲೇ ಫೋನ್ ಇಟ್ಟರು. ಮಾಡಿದ್ದುಣ್ಣೋ ಮಹರಾಯ ಅಂತ ಹೆಂಡತಿ ಆ ರಾತ್ರಿ ಮುದ್ದೆಯ ಜೊತೆ ಬಡಿಸಿದಳು.

ಮೂವತ್ತರ ಆಸುಪಾಸಿನ ಹೆಣ್ಣುಮಗಳು ಬಂದಳು. ಕನ್ನಡ ಅಲ್ಪಸ್ವಲ್ಪ ಬರುತ್ತಿತ್ತು, ಮಿಕ್ಕದ್ದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಎಂಜಿನಿಯರು ಜನಕ್ಕೆ ತಿಳಿಸುತ್ತಿದ್ದರು. ಊರೇ ನಾಲೆಯ ಒಣಗಿದ ತಳದಲ್ಲಿ ಸೇರಿತ್ತು. ಮೆಂಬರು ಗುಲಾಬಿ ಹಾರ ತಂದಿದ್ದ. ಪರ್ಷಿಯಾದವರೇ ತಮ್ಮ ಸೇತುವೆ ನೋಡಲು ಬಂದುಬಿಟ್ಟರು ಎಂದು ಅವನ ಕಣ್ಣಲ್ಲಿ ನೀರೇ ಬಂದಿತ್ತು.

ಆಕೆಯ ಊರು ದೆಜ್‌ಫೂಲ್ ಅಂತೆ. ಅಲ್ಲಿ ನದಿಗೆ ಒಂದು ಸೇತುವೆ ಇದೆ, ಸಾವಿರದ ಏಳುನೂರು ವರ್ಷದಷ್ಟು ಹಳೆಯದು ಎಂದಳು. ಕೆಳಗೆ ಕಲ್ಲಿನ ಕಂಬ, ಮೇಲೆ ಇಟ್ಟಿಗೆಯ ಕಮಾನು. ಒಂದೊಂದು ರಾಜವಂಶ ಬಂದಾಗಲೂ ಬಿದ್ದ ಭಾಗವನ್ನು ತಮ್ಮ ಕಾಲದ ರೀತಿಯಲ್ಲಿ ಕಟ್ಟುತ್ತಾ ಬಂದಿದ್ದಾರೆ, ಹಾಗಾಗಿ ಎಲ್ಲ ಕಾಲದ ಕೈಯೂ ಅದರಲ್ಲಿದೆ. ಪ್ರವಾಹ ಬಂದರೆ ನೀರು ಸೇತುವೆಯನ್ನು ತಳ್ಳದೆ ತೂರಿ ಹೋಗಲಿ ಅಂತ ದೊಡ್ಡ ಕಮಾನುಗಳ ಸಂದಿಯಲ್ಲಿ, ಕಂಬದ ನೆತ್ತಿಗೆ, ಸಣ್ಣ ಕಮಾನುಗಳನ್ನು ಬಿಟ್ಟಿದ್ದಾರೆ. ಇದನ್ನೆಲ್ಲ ಹೇಳುತ್ತಲೇ ಉಗುರಿನಿಂದ ನಮ್ಮ ಗಾರೆಯನ್ನು ಕೆರೆದು ನೋಡಿದಳು. ಇದಕ್ಕೆ ಏನೇನು ಹಾಕುತ್ತಿದ್ದರು ಎಂದು ಕೇಳಿದಾಗ ಸುಣ್ಣ, ಮರಳು, ಇಟ್ಟಿಗೆ ಪುಡಿ, ಅಳಲೆಕಾಯಿ ನೆನೆಸಿದ ನೀರು, ಬೆಲ್ಲ ಎಂದು ಜನ ಹೇಳಿದರು. ಬೆಲ್ಲ ಎಂದಾಗ ನಕ್ಕಳು. ಅವರ ಕಡೆ ಸುಣ್ಣಕ್ಕೆ ಬೂದಿ, ಜೇಡಿಮಣ್ಣು, ಮೇಕೆಯ ಕೂದಲು ಬೆರೆಸುತ್ತಿದ್ದರಂತೆ. ಬೆಲ್ಲದ ಸೇತುವೆಯನ್ನು ಇಲ್ಲೇ ಮೊದಲು ನೋಡುತ್ತಿರುವುದು ಎಂದಳು.

ಆಮೇಲೆ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು, ಇದು ಪರ್ಷಿಯಾದವರದು ಎಂದು ಯಾರು ಹೇಳಿದ್ದು ಅಂತ. ನಮ್ಮ ದೇಶದ ಕಮಾನುಗಳ ನೆತ್ತಿ ಚೂಪಾಗಿರುತ್ತದೆ, ಇದು ಪೂರಾ ದುಂಡಗಿದೆ, ನೂರು ವರ್ಷವೂ ಆಗಿರಲಿಕ್ಕಿಲ್ಲ ಎಂದಳು. ನಾನು ಮೇಲಿನ ಆಕಾಶ ನೋಡಿದೆ. ಆಕೆ ನನ್ನ ಮುಖ ನೋಡಿ ಎಲ್ಲ ಅರ್ಥ ಮಾಡಿಕೊಂಡಳೆಂದು ಕಾಣುತ್ತದೆ. ನಾನು ಸುಳ್ಳು ಹೇಳಲಾರೆ, ಆದರೆ ಹಳಬರು ಯಾರಾದರೂ ಇದ್ದರೆ ಮೊದಲು ಅವರನ್ನು ಕೇಳೋಣ ಎಂದು ಎಂಜಿನಿಯರ ಕಡೆ ತಿರುಗಿದಳು.

ಹಳಬರು ಅಂದರೆ ಇನ್ಯಾರು? ಮೆಂಬರು ದೊಡ್ಡವ್ವನ ಕೈ ಹಿಡಿದು ನಾಲೆಯ ತಳಕ್ಕೆ ಇಳಿಸಿಕೊಂಡು ಬಂದ. ಸೇತುವೆ ಕಟ್ಟಿದ್ದು ಯಾರಮ್ಮ ಎಂದು ಎಂಜಿನಿಯರು ಕೇಳಿದರು. ಅವಳು ತಲೆಯೆತ್ತಿ ನಡುವಿನ ಕಮಾನು ನೋಡಿದಳು. ಜೀವಮಾನವೆಲ್ಲ ಯಾರೂ ಕೇಳದೆಯೇ ಹೇಳಿಕೊಂಡು ಬಂದ ಮಾತು. ಮೊದಲ ಸಲ ಸರ್ಕಾರದವರೇ ಬಂದು ಕೇಳುತ್ತಿದ್ದಾರೆ. ಊರೆಲ್ಲ ಕಿವಿಗೊಟ್ಟು ನಿಂತಿದೆ.

"ಅದೇ, ಪರ್ಸಿಯಾದೋರು ಕಣಪ್ಪ," ಎಂದಳು. "ನಮ್ಮೋರ್ಗೆಲ್ಲಿ ಬಂದಾತು ಇಂಥ ಕೆಲ್ಸ."

ಹೇಳಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅವಳು ನನ್ನ ಕಡೆ ನೋಡಲೂ ಇಲ್ಲ. ನನಗೆ ಆಗ ಆದ ನಾಚಿಕೆ ಜೀವನದಲ್ಲಿ ಯಾವತ್ತೂ ಆಗಿರಲಿಲ್ಲ. ಅಪ್ಪನ ಸೇತುವೆ ಉಳಿಯಲಿ ಎಂದು ಅಪ್ಪನನ್ನೇ ಬಿಟ್ಟುಕೊಟ್ಟಳು. ಅದನ್ನು ಮಾಡಿಸಿದವನು ನಾನು. ಸಂಜೆ ಕೂತು ಹರಟೆ ಹೊಡೆಯಲು ಒಂದು ಗೋಡೆ ಬೇಕು ಎಂಬ ಆಸೆಗೆ ಇಷ್ಟೆಲ್ಲ ಮಾಡಿದೆ.

ಬಾಯಿ ತಾನಾಗಿಯೇ ತೆರೆಯಿತು. ಸುಳ್ಳು, ನಾನು ಹೇಳಿದ್ದೆಲ್ಲ ಸುಳ್ಳು ಎಂದೆ. ಪರ್ಷಿಯಾದವರು ಈ ಕಡೆ ತಲೆಯನ್ನೂ ಹಾಕಿಲ್ಲ, ಇದನ್ನು ಕಟ್ಟಿದ್ದು ಈಕೆಯ ಅಪ್ಪ, ನನಗೆ ಆರನೇ ವಯಸ್ಸಿನಿಂದಲೂ ಗೊತ್ತು ಎಂದೆ. ನಾಲೆಯ ತಳದಲ್ಲಿ ಗುಸುಗುಸು ಎದ್ದಿತು. ಕುಂಕುಮ ಇಟ್ಟ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಂಬರು ಹಾರವನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡ. ಅವನಿಗೆ ಬೇಸರಕ್ಕಿಂತ ಮೊದಲು ಲೆಕ್ಕ ಹೊಳೆಯಿತು. ಅಂಗಾರೆ ನಮ್ಮೋರೇ ಕಟ್ಟಿದ್ದು, ಒಡಿಬೋದಲ್ಲ ಸಾರ್ ಎಂದು ಎಂಜಿನಿಯರನ್ನು ಕೇಳಿದ.

ಇರಾನಿನ ಹೆಣ್ಣುಮಗಳಿಗೆ ಅಷ್ಟು ಕನ್ನಡ ಅರ್ಥವಾಯಿತು. ಅವಳ ಮುಖ ಬಿಗಿಯಾಯಿತು. ನಮ್ಮೂರಲ್ಲೂ ಹೊರಗಿನವರಿಗೇ ಹೆಸರು ಕೊಡುತ್ತಾರೆ ಎಂದಳು. ನಮ್ಮ ಸೇತುವೆಯನ್ನು ಕಟ್ಟಿದ್ದು ಯುದ್ಧದಲ್ಲಿ ಸೆರೆಸಿಕ್ಕ ರೋಮಿನ ಸೈನಿಕರು ಅಂತ. ಇದ್ದರೂ ಇರಬಹುದು. ಆದರೆ ಅವರ ಜೊತೆ ನಮ್ಮವರು ಎಷ್ಟು ಜನ ಕಲ್ಲು ಹೊತ್ತರೋ, ಸುಣ್ಣ ಕಲಸಿದರೋ, ಒಬ್ಬರ ಹೆಸರೂ ಉಳಿದಿಲ್ಲ. ಕೇಳೋಣ ಅಂದರೆ ಒಬ್ಬರೂ ಇಲ್ಲ. ನಿಮಗೆ ಕಟ್ಟಿದವನ ಮಗಳೇ ಇಲ್ಲಿ ನಿಂತಿದ್ದಾಳೆ ಎಂದು ಎಂಜಿನಿಯರಿಗೆ ಹೇಳಿ, ದೊಡ್ಡವ್ವನ ಕಡೆ ತಿರುಗಿ ತನ್ನ ಮುರುಕು ಕನ್ನಡದಲ್ಲಿ, ಅಮ್ಮಾ, ಹೇಗೆ ಕಟ್ಟಿದ್ದು, ಹೇಳಿ ಎಂದು ಕೈ ಮುಗಿದಳು.

ಆಗ ನೋಡಬೇಕಿತ್ತು ನಮ್ಮ ದೊಡ್ಡವ್ವನನ್ನು. ಎಷ್ಟೋ ತಿಂಗಳಿಂದ ಹಿಡಿದಿಟ್ಟದ್ದು ಒಟ್ಟಿಗೆ ಬಂತು. ಕಮಾನು ಕಟ್ಟುವಾಗ ಕೆಳಗೆ ಆನಿಸಲು ಮರ ಎಲ್ಲಿಂದ ತರೋದು, ಮಣ್ಣನ್ನೇ ತುಂಬಿ, ಬಡಿದು, ದುಂಡಗೆ ದಿಬ್ಬ ಮಾಡಿ, ಅದರ ಮೇಲೆ ಎರಡು ಪಕ್ಕದಿಂದಲೂ ಕಲ್ಲು ಕೂರಿಸುತ್ತಾ ಬಂದು, ಕಟ್ಟಕಡೆಗೆ ನೆತ್ತಿಯ ಕಲ್ಲು ಇಡುತ್ತಿದ್ದರಂತೆ. ಗಾರೆ ಹಿಡಿಯುವ ತನಕ ಮುಟ್ಟುವಂತಿಲ್ಲ. ಆಮೇಲೆ ಕೆಳಗಿನ ಮಣ್ಣನ್ನು ತೋಡಿ ತೆಗೆಯುವುದು. ಮಣ್ಣು ತೆಗೆದ ದಿನ ಕಟ್ಟಿದವನು ತನ್ನ ಹೆಂಡತಿ ಮಕ್ಕಳನ್ನು ಆ ಕಮಾನಿನ ಕೆಳಗೆ ಕೂರಿಸಿ ಊಟ ಹಾಕಬೇಕು. ಅವರು ಉಂಡು ಎದ್ದ ಮೇಲೇ ಊರಿನವರು ಮೇಲೆ ಕಾಲಿಡುವುದು. ಅವತ್ತು ಅವಳ ಅವ್ವ ಈ ನಡುವಿನ ಕಮಾನಿನ ಕೆಳಗೆ ಕೂತು ಉಂಡಳಂತೆ, ಪಕ್ಕದಲ್ಲಿ ಸೀರೆ ಹಾಸಿ ಮಗಳನ್ನು ಮಲಗಿಸಿದ್ದಳಂತೆ. ಆ ಮಗು ದೊಡ್ಡವ್ವ. ಹೇಳಿ ಮುಗಿಸಿದವಳು ಸೀದಾ ಎಂಜಿನಿಯರ ಮುಂದೆ ಹೋಗಿ ನಿಂತಳು.

"ಇದ ಒಡ್ದು ನೀನೊಂದ್ ಕಟ್ಟೀಯಲ್ಲ ಮಗ. ಅದ್ರ ಕೆಳ್ಗೆ ನಿನ್ ಮಗೀನ ಮನುಗುಸೀಯಾ?"

ಎಂಜಿನಿಯರಿಗೆ ಎರಡು ವರ್ಷದ ಮಗಳಿದ್ದಳಂತೆ, ಅದು ನಮಗೆ ಆಮೇಲೆ ಗೊತ್ತಾಯಿತು. ಅವರು ಕಿಸೆಯಿಂದ ಪೆನ್ನು ತೆಗೆದು ಮತ್ತೆ ಒಳಗಿಟ್ಟರು. ಕಮಾನನ್ನೂ ಏರಿಯನ್ನೂ ಬಹಳ ಹೊತ್ತು ನೋಡಿ, ಐವತ್ತು ಮಾರು ಕೆಳಗೆ ರಸ್ತೆ ನೇರ ಸಿಗುತ್ತದೆ, ಹೊಸದನ್ನು ಅಲ್ಲಿ ಕಟ್ಟಬಹುದು ಎಂದರು. ಮೆಂಬರು ಗೊಣಗಿದ. ಆದರೆ ಟ್ರಾಕ್ಟರಿಗೆ ಸುತ್ತು ತಪ್ಪುತ್ತದೆ ಎಂದು ಯಾರೋ ಹೇಳಿದ ಮೇಲೆ, ಅದು ಮೊದಲಿನಿಂದಲೂ ತನ್ನದೇ ಐಡಿಯಾ ಎಂದು ಹೇಳಿಕೊಂಡು ತಿರುಗಿದ. ಹಾರವನ್ನು ಯಾರಿಗೆ ಹಾಕುವುದೆಂದು ತಿಳಿಯದೆ ಕೊನೆಗೆ ದೊಡ್ಡವ್ವನ ಕೊರಳಿಗೆ ಹಾಕಿದ.

ಮುಂದಿನ ಬೇಸಿಗೆಯಲ್ಲಿ ಹೊಸ ಸೇತುವೆ ಆಯಿತು. ಕಾಂಕ್ರೀಟಿಗೆ ಆನಿಸಿದ್ದ ಸೆಂಟ್ರಿಂಗ್ ಬಿಚ್ಚುವ ದಿನ ಎಂಜಿನಿಯರು ಬಂದರು. ಮಗಳನ್ನು ಕರೆತಂದಿರಲಿಲ್ಲ, ಹೆಂಡತಿ ಬಿಡಲಿಲ್ಲವಂತೆ. ಕಂಟ್ರಾಕ್ಟರು ಏರಿಯ ಮೇಲೆ ಜೀಪಿನಲ್ಲೇ ಕೂತಿದ್ದ. ಹಲಗೆಗಳನ್ನೆಲ್ಲ ಬಿಚ್ಚಿ ಸಾಗಿಸಿದ ಮೇಲೆ ದೊಡ್ಡವ್ವ ಚಿತ್ರಾನ್ನದ ಪಾತ್ರೆ ಹಿಡಿದುಕೊಂಡು ನಾಲೆಯ ತಳಕ್ಕೆ ಇಳಿದಳು. ಎಂಜಿನಿಯರನ್ನು ಕೂರಿಸಿದಳು. ಜೀಪಿನ ಕಡೆ ನೋಡಿ ಕೈ ಬೀಸಿದಳು. ಕಂಟ್ರಾಕ್ಟರಿಗೆ ಆಗಲೇ ಯಾವುದೋ ಫೋನ್ ಬಂತು. ನಾನು ಮೆಲ್ಲಗೆ ಏರಿ ಹತ್ತುತ್ತಿದ್ದೆ.

ಎಲ್ಲಿಗೆ ಮೇಷ್ಟ್ರೆ, ಸುಳ್ಳೇಳ್ದೋರಿಗೂ ಎಲೆ ಆಕಿವ್ನಿ, ಬನ್ನಿ ಎಂದು ಕರೆದಳು. ಬೇರೆ ದಾರಿ ಇರಲಿಲ್ಲ. ಹೋಗಿ ಕೂತೆ. ತಲೆಯ ಮೇಲೆ ಅಷ್ಟಗಲ ಹಸಿ ಬೂದು ಬಣ್ಣದ ಕಾಂಕ್ರೀಟು. ನನ್ನ ಎಲೆಯ ಮೇಲೆ ಏನೋ ಪುಡಿ ಉದುರಿತು, ನಾನು ಕತ್ತೆತ್ತಿ ನೋಡಿದೆ. ಮತ್ತೊಂದು ತುತ್ತು ತೆಗೆದುಕೊಂಡು ಮತ್ತೆ ನೋಡಿದೆ. ಎಂಜಿನಿಯರೂ ನೋಡುತ್ತಿದ್ದರು, ತಾವೇ ಕಟ್ಟಿಸಿದ್ದು. ದೊಡ್ಡವ್ವ ನಮ್ಮಿಬ್ಬರ ಮುಖ ನೋಡುತ್ತಾ ಇನ್ನೊಂದು ಸೌಟು ಬಡಿಸಿದಳು.

"ನಾನು ಒಂಬತ್ತು ತಿಂಗ್ಳ ಕೂಸು," ಎಂದಳು. "ನಮ್ಮಪ್ಪನ ಕಮಾನ್ ಕೆಳ್ಗೆ ನಿದ್ದೆ ಮಾಡ್ಬುಟ್ಟಿದ್ನಂತೆ."